ಎರಡು ಕೀಲಿಯ ಕೋಳಿಗೂಡು

ಲಾಕರಪ್ಪನವರಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ, ಬೀದಿಯವರು ಇಟ್ಟದ್ದು. ಬ್ಯಾಂಕಿನ ನೆಲಮಾಳಿಗೆಯಲ್ಲಿ ಲಾಕರುಗಳ ಉಸ್ತುವಾರಿ ಅವರದು. ಕೆಲಸ ಅಂದರೆ ಇಷ್ಟೇ: ಗ್ರಾಹಕರು ಬರುತ್ತಾರೆ, ಇವರು ಬ್ಯಾಂಕಿನ ಕೀಲಿ ಹಾಕಿ ಅರ್ಧ ಬೀಗ ತೆಗೆಯುತ್ತಾರೆ, ಉಳಿದರ್ಧವನ್ನು ಗ್ರಾಹಕರು ತಮ್ಮ ಕೀಲಿಯಿಂದ ತೆಗೆದುಕೊಳ್ಳಬೇಕು. ಅಷ್ಟರೊಳಗೆ ಇವರು ಮುಖ ತಿರುಗಿಸಿ ಆಚೆ ನಡೆದಿರಬೇಕು. ಒಳಗೆ ಏನಿದೆಯೆಂದು ನೋಡಬಾರದು, ಕೇಳಬಾರದು, ಊಹಿಸಲೂಬಾರದು. ಇದನ್ನೇ ಮಾಡಿ ಮಾಡಿ ಅವರ ತಲೆ ನೆರೆತಿತ್ತು.

“ದಿನವಿಡೀ ಒಂದು ಕೀಲಿ ತಿರುಗಿಸೋಕೆ ಇಷ್ಟು ಸುಸ್ತೇನ್ರೀ?” ಎಂದು ಹೆಂಡತಿ ಕೇಳುವುದಿತ್ತು.

“ಕೀಲಿ ತಿರುಗಿಸೋದರಲ್ಲಿ ಏನಿದೆ? ಮುಖ ತಿರುಗಿಸೋದೇ ಸುಸ್ತು ಕಣೇ,” ಎಂದು ಅವರು ಕುರ್ಚಿಗೆ ಬೀಳುತ್ತಿದ್ದರು.

ನೆಲಮಾಳಿಗೆಯ ತೇವಕ್ಕೆ ಅವರ ಮೂಗು ಕಟ್ಟಿ ವರ್ಷಗಳೇ ಆಗಿದ್ದವು. ಒಲೆಯ ಮೇಲೆ ಹಾಲು ಸೀದು ಬೀದಿಯವರೆಲ್ಲ ಬಂದು ವಿಚಾರಿಸಿಕೊಂಡು ಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಯಾರು ಏನು ಹೇಳಿದರೂ “ಹ್ಞೂಂ” ಅನ್ನುವುದು ಅವರ ಇನ್ನೊಂದು ಗುಣ. ಒಮ್ಮೆ ಹೆಂಡತಿ ಪರೀಕ್ಷೆಗೆಂದೇ “ಮನೆಗೆ ಬೆಂಕಿ ಬಿದ್ದಿದೆ ಕಣ್ರೀ” ಅಂದರೆ, “ಹ್ಞೂಂ, ಸ್ವಲ್ಪ ಹಾಕು” ಎಂದು ತಟ್ಟೆ ಮುಂದೆ ಸರಿಸಿದ್ದರು.

ಇಂಥ ಮನೆಗೆ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಂದು ಟ್ರಂಕು ಮತ್ತು ನಾಲ್ಕು ಕೋಳಿಗಳೊಂದಿಗೆ ಇರಲು ಬಂದರು. ಟ್ರಂಕನ್ನು ಮಾತ್ರ ಬಿಚ್ಚಲಿಲ್ಲ. “ನೋಡೋಣ, ಒಗ್ಗುತ್ತೋ ಇಲ್ವೋ” ಅಂದರು. ಮಗಳು ಒಗ್ಗಿಸುವ ರೀತಿಯೇ ಬೇರೆಯಾಗಿತ್ತು. ತಾಯಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದೇ ತಡ, ಸಕ್ಕರೆ ಡಬ್ಬಿ ಅಟ್ಟ ಸೇರಿತು, ಬೆಲ್ಲ ಬೀರು ಸೇರಿತು, ಮುದುಕಿ ಲೋಟ ಎತ್ತಿದರೆ ಸಾಕು ಮಗಳ ಕಣ್ಣು ಲೋಟದೊಳಕ್ಕೆ ಇಳಿಯುತ್ತಿತ್ತು. ಪ್ರೀತಿಯಿಂದಲೇ, ಇಲ್ಲ ಅನ್ನುವಂತಿಲ್ಲ.

ಲಾಕರಪ್ಪನವರಿಗಂತೂ ಅತ್ತೆ ಬಂದದ್ದು ಬಹಳ ಹಿತವಾಗಿತ್ತು. ಸಂಜೆ ಚಪ್ಪಲಿ ಬಿಡುವಾಗ “ಸುಸ್ತಾಯ್ತಾ ಅಳಿಯಂದ್ರೇ?” ಎಂದು ಕೇಳುವವರು ಈ ಭೂಮಿಯ ಮೇಲೆ ಅವರೊಬ್ಬರೇ. ಆ ಒಂದು ಮಾತಿಗಾಗಿ ಅವರು ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದರು.

ಒಂದು ಸಂಜೆ ಮುಂಗುಸಿಯೊಂದು ಹಿತ್ತಲಿಗೆ ನುಗ್ಗಿ ನಾಲ್ಕರಲ್ಲಿ ಒಂದು ಕೋಳಿಯನ್ನು ಹೊತ್ತೊಯ್ದಿತು. ಅತ್ತೆ ಅಳಲಿಲ್ಲ, ಕೂಗಲಿಲ್ಲ. ಒಳಗೆ ಹೋಗಿ ಟ್ರಂಕಿನ ಚಿಲಕ ಭದ್ರ ಮಾಡಿದರು. “ದೊಡ್ಡವಳ ಮನೆಗೆ ಎತ್ತರದ ಕಾಂಪೌಂಡಿದೆ. ಇನ್ನೊಂದು ಹೋಗೋ ಮೊದಲು ನಾನೂ ಇವೂ ಅಲ್ಲಿಗೇ ಹೋಗ್ತೀವಿ” ಅಂದರು. ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಲಾಕರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

“ಅತ್ತೆ, ಎಲ್ಲೂ ಹೋಗ್ಬೇಡಿ,” ಎಂದರು, ಎಂದೂ ಇಲ್ಲದ ಗತ್ತಿನಲ್ಲಿ. “ಊರಿನವರ ಚಿನ್ನವನ್ನೆಲ್ಲ ಕಾದಿರೋ ಕೈ ಇದು. ಒಂದು ಮೂಗುತಿ ಕಳೆದಿಲ್ಲ. ನಿಮ್ಮ ಮೂರು ಕೋಳಿ ಕಾಯೋಕಾಗಲ್ವಾ? ಇನ್ನೊಂದು ಹೋದ್ರೆ ನಾನೇ ನಿಮ್ಮ ಟ್ರಂಕು ಹೊತ್ತು ಅಲ್ಲಿಗೆ ಬಿಟ್ಟು ಬರ್ತೀನಿ.”

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಲಾಕರಪ್ಪನವರು ಬಾಗಿಲೊಂದೇ ಅಲ್ಲ, ಕೋಟೆಯನ್ನೇ ಕಟ್ಟಲು ಹೊರಟರು. ವೆಲ್ಡಿಂಗ್ ಅಂಗಡಿಯವನು ಬಂದು ಅಳತೆ ತೆಗೆದು, “ಮರದ ಚೌಕಟ್ಟು, ಸುತ್ತ ಜಾಲರಿ, ಒಂದು ಚಿಲಕ. ಸಾಕು ಸಾರ್” ಅಂದ.

“ಜಾಲರಿ ಅಂದ್ರೆ ಆಚೆಯಿಂದ ಒಳಗೆ ಕಾಣುತ್ತಲ್ಲಯ್ಯಾ!”

“ಕೋಳಿ ಸಾರ್. ಕಂಡ್ರೆ ಏನಾಯ್ತು?”

“ಕಾಣೋದು ಕಳ್ಳತನಕ್ಕೆ ಮೊದಲನೇ ಮೆಟ್ಟಿಲು,” ಎಂದರು ಲಾಕರಪ್ಪನವರು. ನಾಲ್ಕು ಕಡೆಗೂ ದಪ್ಪ ತಗಡು, ತಳಕ್ಕೆ ಕಾಂಕ್ರೀಟು, ಮೇಲೆ ಗಾಳಿಗೆಂದು ಬೆರಳು ತೂರುವಷ್ಟು ತೂತುಗಳು, ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ತಮ್ಮ ಬಳಿ, ಇನ್ನೊಂದರದ್ದು ಅತ್ತೆಯ ಸೊಂಟದಲ್ಲಿ. ಒಬ್ಬರಿಲ್ಲದೆ ಇನ್ನೊಬ್ಬರು ತೆಗೆಯುವ ಹಾಗಿಲ್ಲ.

“ಮುಂಗುಸಿ ಯಾವಾಗ ಸಾರ್ ಬೀಗ ತೆಗೆಯೋದು ಕಲೀತು?” ಎಂದು ವೆಲ್ಡಿಂಗಿನವನು ಕೇಳಿದ. ಲಾಕರಪ್ಪನವರು ರಜೆ ಹಾಕಿ, ಬೆನ್ನು ಬಗ್ಗಿಸಿ, ತಾವೇ ಮರಳು ಹೊತ್ತು, ಕೈಯಲ್ಲಿ ಬೊಬ್ಬೆ ತರಿಸಿಕೊಂಡು ಗೂಡು ಮುಗಿಸಿದರು. ಅಂಥ ಗೂಡನ್ನು ಕಂಡರೆ ಮುಂಗುಸಿ ಹಾಗಿರಲಿ, ಒಳಗೆ ಹೋಗಬೇಕಾದ ಕೋಳಿಗಳೇ ಹೆದರಬೇಕು.

ಅಂದಿನಿಂದ ಬೆಳಗೂ ಬೈಗೂ ಹಿತ್ತಲಿನಲ್ಲಿ ಒಂದು ಕಾರ್ಯಕ್ರಮ. ಲಾಕರಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುವರು, ತಮ್ಮ ಬೀಗ ತೆಗೆಯುವರು, ಒಮ್ಮೆ ಕೆಮ್ಮುವರು, ಗೂಡಿಗೆ ಬೆನ್ನು ಮಾಡಿ ಗಂಭೀರವಾಗಿ ಅಡಿಗೆಮನೆಯ ಕಡೆ ನಡೆಯುವರು. ಆಮೇಲೆ ಅತ್ತೆ ತಮ್ಮ ಬೀಗ ತೆಗೆದು, “ಬಾ, ಬಾ, ಬಾ” ಎನ್ನುವುದು ಕೇಳುತ್ತಿತ್ತು. ಮುಗಿದ ಮೇಲೆ ಅವರು ಬೀಗ ಹಾಕಿ “ಆಯ್ತು ಅಳಿಯಂದ್ರೇ” ಅಂದರೆ ಇವರು ಬಂದು ತಮ್ಮದನ್ನೂ ಹಾಕುವರು. ಒಳಗೆ ಒಂದು ದಿನವೂ ಇಣುಕಲಿಲ್ಲ. ಕೋಳಿಯಾದರೇನು, ಒಡ್ಯಾಣವಾದರೇನು, ನಿಯಮ ನಿಯಮವೇ.

ಈ ಕಾರ್ಯಕ್ರಮಕ್ಕೆ ಗೋಡೆಯಾಚೆ ಒಬ್ಬ ಪ್ರೇಕ್ಷಕರಿದ್ದರು. ಹವಾಮಾನ ಇಲಾಖೆಯಲ್ಲಿದ್ದು ನಿವೃತ್ತರಾದ ಅವರನ್ನು ಬೀದಿಯೆಲ್ಲ ‘ಹವಾಮಾನ’ ಎಂದೇ ಕರೆಯುತ್ತಿತ್ತು. ಮಳೆ ಬರುತ್ತದೆ ಎಂದು ಅವರು ಅಂದ ದಿನ ಹೆಂಗಸರು ಹಪ್ಪಳ ಒಣಗಿಸಲು ಹಾಕುತ್ತಿದ್ದರು. ಸೇವಾವಧಿಯಲ್ಲಿ ಅವರು ನುಡಿದದ್ದು ಒಂದೂ ನಿಜವಾದ ನೆನಪು ಯಾರಿಗೂ ಇಲ್ಲ.

“ಕೋಳಿಗೆ ಯಾರಾದ್ರೂ ಎರಡು ಬೀಗ ಹಾಕ್ತಾರೇನ್ರೀ?” ಎಂದು ಅವರು ಇಸ್ತ್ರಿಯವನ ಗಾಡಿ ಮುಂದೆ ನಿಂತು ಕೇಳಿದರು. “ಅವರ ಕೆಲಸ ಎಲ್ಲಿ? ಲಾಕರ್ ಹತ್ರ. ಮೋಡ ನೋಡಿದ್ರೆ ಮಳೆ ಗೊತ್ತಾಗಲ್ವಾ? ಆ ಗೂಡಲ್ಲಿ ಕೋಳಿ ಇಲ್ಲ. ಬೇಕಾದ್ರೆ ಬರೆದಿಟ್ಕೊಳ್ಳಿ.”

ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಆದರೆ ಎಲ್ಲರೂ ಹೇಳಿಕೊಂಡು ಹೋದರು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ. ಹಿಟ್ಟಿನ ಗಿರಣಿಗೆ ಹೋಗುವಷ್ಟರಲ್ಲಿ ಗೂಡಿನೊಳಗೆ ಒಂದು ಸರ ಸೇರಿತು, ಕ್ಷೌರದಂಗಡಿಯಲ್ಲಿ ಅದು ಒಂದು ಚೀಲವಾಯಿತು, ತರಕಾರಿ ಗಾಡಿಯ ಹತ್ತಿರ ಬಂದಾಗ ಬ್ಯಾಂಕಿನಲ್ಲಿ ಏನೂ ಉಳಿದಿರಲಿಲ್ಲ. ಲಾಕರಪ್ಪನವರ ಕಿವಿಗೆ ಮಾತ್ರ ಇದು ಬೀಳಲಿಲ್ಲ. ಬಿದ್ದಿದ್ದರೂ ಅವರು “ಹ್ಞೂಂ” ಅನ್ನುತ್ತಿದ್ದರು.

ಹೀಗಿರುವಾಗ ಅತ್ತೆಯ ದೊಡ್ಡ ಮಗಳ ಮನೆಯಿಂದ ಫೋನು ಬಂತು. ಆಕೆಯ ಮಗಳಿಗೆ ಹೆರಿಗೆಯಾಗಿತ್ತು. ಅತ್ತೆ, ಹೆಂಡತಿ ಇಬ್ಬರೂ ಬೆಳಗ್ಗೆಯೇ ಹೊರಟರು. ಹೊರಡುವ ಗಡಿಬಿಡಿಯಲ್ಲಿ ಗೂಡಿನ ಕಾರ್ಯಕ್ರಮವೂ ನಡೆಯಲಿಲ್ಲ. ಲಾಕರಪ್ಪನವರು ಮುಖಕ್ಕೆ ಸೋಪು ಮೆತ್ತಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಉದ್ದಕ್ಕೆ ಹೇಳಿದಳು. ಇವರು “ಹ್ಞೂಂ” ಅಂದರು.

ಸಂಜೆ ಬಂದು ನೋಡಿದರೆ ಹಿತ್ತಲು ಬಿಕೋ ಅನ್ನುತ್ತಿದೆ. ಒಂದು ಕೋಳಿಯೂ ಇಲ್ಲ. ಗೂಡಿಗೆ ಎರಡೂ ಬೀಗ ಬಿದ್ದಿವೆ. ಲಾಕರಪ್ಪನವರಿಗೆ ಆಗ ಹೊಳೆಯಿತು. ಬೆಳಗ್ಗೆ ಗೂಡು ತೆಗೆದೇ ಇಲ್ಲ! ಮೂರೂ ಒಳಗೇ ಇವೆ, ಇಡೀ ದಿನದ ಬಿಸಿಲು ತಗಡಿನ ಮೇಲೆ ಸುರಿದಿದೆ, ಇನ್ನೊಂದು ಕೀಲಿ ಅತ್ತೆಯ ಸೊಂಟದಲ್ಲಿ, ಅತ್ತೆ ಎತ್ತರದ ಕಾಂಪೌಂಡಿನ ಮನೆಯಲ್ಲಿ.

ತಮ್ಮ ಬೀಗ ತೆಗೆದರು. ಬಾಗಿಲು ಅಲುಗಲಿಲ್ಲ. ಅಲುಗದ ಹಾಗೆ ಕಟ್ಟಿಸಿದವರು ಅವರೇ. ಕುರ್ಚಿ ಹತ್ತಿ ಮೇಲಿನ ತೂತಿನಿಂದ ಅಕ್ಕಿ ಸುರಿದರು, ನೀರು ಸುರಿದರು. ಇಣುಕಿ ನೋಡೋಣವೆಂದು ಬಗ್ಗಿದರೆ ಕತ್ತು ತನ್ನಷ್ಟಕ್ಕೆ ಆ ಕಡೆ ತಿರುಗಿತು. ಎರಡು ಸಲ ಬಗ್ಗಿದರು, ಎರಡು ಸಲವೂ ತಿರುಗಿತು. ಕಿವಿಗೊಟ್ಟು ಕೇಳಿದರು. ಒಳಗೆ ಸದ್ದಿಲ್ಲ.

ಬೆಳಗ್ಗೆ ಎದ್ದು ನೋಡಿದಾಗ ಗೂಡಿನ ಬಾಗಿಲ ಸಂದಿಯಿಂದ ಒಂದು ಇರುವೆ ಸಾಲು ಒಳಗೆ ಹೋಗುತ್ತಿತ್ತು. ಇರುವೆ ಯಾಕೆ ಮುತ್ತುತ್ತದೆ ಎಂದು ಯಾರಾದರೂ ಹೇಳಬೇಕೆ? ಲಾಕರಪ್ಪನವರು ಹಿತ್ತಲ ಕಲ್ಲಿನ ಮೇಲೆ ಕೂತು ತಲೆ ಮೇಲೆ ಕೈ ಹೊತ್ತರು. ಕಣ್ಣಲ್ಲಿ ನೀರೇ ಬಂತು. ಮುಂಗುಸಿ ಒಂದನ್ನು ಒಯ್ದರೆ, ತಾವು ಮೂರನ್ನು ಮುಗಿಸಿದರು.

ಅಷ್ಟರಲ್ಲಿ ಹೆಂಡತಿಯ ಫೋನು. “ಸಂಜೆ ಹೊರಟು ಬರ್ತೀವಿ ಕಣ್ರೀ. ಅಕ್ಕ ಅಮ್ಮನ್ನ ಇಲ್ಲೇ ಇರು ಅಂತ ಹಟ ಮಾಡ್ತಿದಾಳೆ. ಅಮ್ಮ ಹ್ಞೂಂ ಅಂತಾನೂ ಇಲ್ಲ, ಊಹ್ಞೂಂ ಅಂತಾನೂ ಇಲ್ಲ. ಮನೇಲಿ ಎಲ್ಲಾ ಸರಿಯಾಗಿದೆ ತಾನೇ?”

ಹೇಳಿಬಿಡಬೇಕೆಂದು ಬಾಯಿ ತೆರೆದರು. “ಹ್ಞೂಂ” ಎಂಬುದೇ ಹೊರಗೆ ಬಂತು.

ಆ ದಿನ ಬ್ಯಾಂಕಿನ ನೆಲಮಾಳಿಗೆಯಲ್ಲಿ ಜಾತ್ರೆ. ವರ್ಷಕ್ಕೊಮ್ಮೆಯೂ ಮುಖ ತೋರಿಸದ ಗ್ರಾಹಕರೆಲ್ಲ ಮೆಟ್ಟಿಲುದ್ದಕ್ಕೂ ನಿಂತಿದ್ದಾರೆ. ಒಬ್ಬೊಬ್ಬರೂ ಒಳಗೆ ಹೋಗಿ, ಏನೋ ಎಣಿಸಿ, ಉಸಿರು ಬಿಟ್ಟು, ಹೋಗುವಾಗ ಲಾಕರಪ್ಪನವರನ್ನು ಒಂದು ಥರಾ ನೋಡಿ ಹೋಗುತ್ತಿದ್ದಾರೆ. ಜನ ಯಾಕೆ ಹೀಗೆ ಮುಗಿಬಿದ್ದಿದ್ದಾರೆ ಎಂದು ಕೇಳುವ ತ್ರಾಣ ಅವರಿಗಿರಲಿಲ್ಲ. ಕೀಲಿ ತಿರುಗಿಸಿದರು, ಮುಖ ತಿರುಗಿಸಿದರು, ಪ್ರತಿ ಸಲವೂ ಕಣ್ಣ ಮುಂದೆ ಇರುವೆ ಸಾಲು. ಮಧ್ಯಾಹ್ನಕ್ಕೆ ತಡೆಯಲಾರದೆ ಮ್ಯಾನೇಜರ ಕೋಣೆಗೆ ಹೋದರು.

ಮ್ಯಾನೇಜರು ಬೆಳಗಿನಿಂದ ಗಾಳಿಸುದ್ದಿ ಕೇಳಿ ಕೇಳಿ ಬೆವರುತ್ತಿದ್ದರು.

“ಸಾರ್, ಒಂದು ಲಾಕರು ಒಡೀಬೇಕು,” ಎಂದರು ಲಾಕರಪ್ಪನವರು. “ನಮ್ಮ ಮನೆ ಹಿತ್ತಲಲ್ಲಿರೋದು.”

ಮ್ಯಾನೇಜರ ಕೈಯಲ್ಲಿದ್ದ ಲೋಟ ಮೇಜಿಗೆ ಇಳಿಯಿತು. “ಒಳಗೆ... ಏನಿದೆ?”

“ಮೂರಿತ್ತು ಸಾರ್. ಈಗ ಉಸಿರಾಡ್ತಿವೆಯೋ ಇಲ್ವೋ.”

“ಉಸಿರು? ಯಾರ್ರೀ ಅದು ಮೂರು?”

“ನಮ್ಮ ಅತ್ತೇವು ಸಾರ್. ನಿನ್ನೆಯಿಂದ ಒಳಗೇ ಇವೆ. ಸಾಕ್ಷಿಗಳಿಲ್ಲದೆ ಒಡೆಯೋದು ನಿಯಮ ಅಲ್ಲ. ಅದಕ್ಕೆ ನೀವು ಬಂದು ನಿಂತ್ಕೋಬೇಕು.”

ಮ್ಯಾನೇಜರು ಪೊಲೀಸ್ ಠಾಣೆಗೆ ಫೋನು ಮಾಡಿದರು.

ಸಂಜೆ ಹಿತ್ತಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಠಾಣೆಯಿಂದ ಬಂದ ದಫೇದಾರರು, ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ ಮ್ಯಾನೇಜರು, ಕಟ್ಟಿಂಗ್ ಮಿಷಿನು ಹಿಡಿದ ವೆಲ್ಡಿಂಗಿನವನು, ಗೋಡೆಯ ಮೇಲೆ ಸಾಲಾಗಿ ಬೀದಿಯವರ ತಲೆಗಳು, ಅವುಗಳ ನಡುವೆ ಎಲ್ಲರಿಗಿಂತ ಎತ್ತರದಲ್ಲಿ, ಸ್ಟೂಲಿನ ಮೇಲೆ, ಹವಾಮಾನ.

“ಕೋಳಿಗೆ ಇಷ್ಟು ದಪ್ಪ ತಗಡು ಯಾಕ್ರೀ?” ಎಂದು ದಫೇದಾರರು ಗೂಡಿಗೆ ಲಾಠಿಯಿಂದ ತಟ್ಟಿದರು.

“ಭದ್ರತೆಗೆ ಸಾರ್.”

“ಕೋಳಿಗೋ?”

“ಮಾತು ಕೊಟ್ಟಿದ್ದೆ ಸಾರ್,” ಎಂದರು ಲಾಕರಪ್ಪನವರು. ಅವರ ದನಿ ಕೇಳಿ ದಫೇದಾರರು ಲಾಠಿ ಕಂಕುಳಿಗೆ ಸೇರಿಸಿದರು.

ಮಿಷಿನು ಕಿರುಚಿತು. ಕಿಡಿ ಹಾರಿತು. ಬೀಗ ತುಂಡಾಗಿ ಬಿತ್ತು. ಬಾಗಿಲು ತೆರೆಯುತ್ತಿದ್ದಂತೆ ನೆರೆದವರೆಲ್ಲ ಕತ್ತು ಮುಂದೆ ಚಾಚಿದರು. ಲಾಕರಪ್ಪನವರೊಬ್ಬರು ಮಾತ್ರ ಗೂಡಿಗೆ ಬೆನ್ನು ಮಾಡಿ, ಒಮ್ಮೆ ಕೆಮ್ಮಿ, ಅಡಿಗೆಮನೆಯ ಕಡೆ ಮುಖ ಮಾಡಿ ನಿಂತರು.

“ಹೇಳಿ ಸಾರ್,” ಎಂದರು, ಕಣ್ಣು ಮುಚ್ಚಿಕೊಂಡು. “ಒಂದಾದ್ರೂ ಬದುಕಿದೆಯಾ?”

ವೆಲ್ಡಿಂಗಿನವನು ಗೂಡಿನೊಳಗೆ ತಲೆ ಹಾಕಿ ಹೇಳಿದ. “ಸಾರ್, ಇಲ್ಲಿ ಕೋಳಿನೇ ಇಲ್ಲ. ಒಂದು ಪುಕ್ಕ ಇಲ್ಲ, ಒಂದು ಹಿಕ್ಕೆ ಇಲ್ಲ. ನಾನು ಕಟ್ಟಿಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ಮೇಲಿಂದ ಯಾರೋ ಅಕ್ಕಿ ನೀರು ಸುರಿದಿದಾರೆ. ಮಧ್ಯದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ.”

“ಪೆಟ್ಟಿಗೆ!” ಎಂದಿತು ಗೋಡೆ, ಒಂದೇ ಬಾಯಲ್ಲಿ.

“ನಾನು ಹೇಳಲಿಲ್ವಾ! ಕೋಳಿ ಇಲ್ಲ ಅಂತ ಹೇಳಲಿಲ್ವಾ!” ಎಂದು ಹವಾಮಾನ ಸ್ಟೂಲಿನ ಮೇಲೆ ಕುಣಿದರು. ಜೀವಮಾನದಲ್ಲಿ ನಿಜವಾದ ಮೊದಲ ಮುನ್ಸೂಚನೆ.

ಅದೇ ಹೊತ್ತಿಗೆ ಮನೆ ಮುಂದೆ ಆಟೋ ನಿಂತ ಸದ್ದಾಯಿತು. ಜನರನ್ನು ಸರಿಸಿಕೊಂಡು ಮೊದಲು ಅತ್ತೆ ಬಂದರು, ಹಿಂದೆ ಹೆಂಡತಿ. ಹೆಂಡತಿಯ ಕೈಯಲ್ಲೊಂದು ಬುಟ್ಟಿ, ಬುಟ್ಟಿಯ ಅಂಚಿನಿಂದ ಮೂರು ತಲೆಗಳು ಹೊರಗೆ ಚಾಚಿ, ಈ ಗದ್ದಲ ಏನೆಂದು ಸಿಟ್ಟಿನಿಂದ ನೋಡುತ್ತಿದ್ದವು.

ಲಾಕರಪ್ಪನವರು ಬುಟ್ಟಿ ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಬುಟ್ಟಿ ನೋಡಿದರು. ಆಮೇಲೆ ಹಿತ್ತಲ ಕಲ್ಲಿನ ಮೇಲೆ ಕುಳಿತುಬಿಟ್ಟರು.

“ಏನ್ರೀ ಇದು? ಪೊಲೀಸ್ರು ಯಾಕೆ?” ಹೆಂಡತಿ ಬುಟ್ಟಿ ಇಳಿಸಿದಳು. “ಬಾಣಂತಿಗೆ ದಿನಾ ಮೊಟ್ಟೆ ಆಗುತ್ತೆ, ಅಮ್ಮ ಕೋಳೀನೂ ತಗೊಂಡು ಬರ್ತಾಳೆ ಅಂತ ನಿನ್ನೆ ಬೆಳಗ್ಗೆ ಹೇಳಿದ್ನಲ್ಲ! ನೀವು ಹ್ಞೂಂ ಅಂದ್ರಲ್ಲ! ಅಮ್ಮ ಅಲ್ಲಿ ನಿಲ್ಲಲಿಲ್ಲ, ಅಮ್ಮನ್ನ ಬಿಟ್ಟು ಇವೂ ನಿಲ್ಲಲಿಲ್ಲ.”

“ಮತ್ತೆ ಗೂಡಲ್ಲಿ ಇಷ್ಟು ದಿನ...”

“ಆ ತಗಡಿನ ಒಲೇಲಿ ಕೋಳಿ ಬೇಯುತ್ತೆ ಕಣ್ರೀ. ಮೊದಲನೇ ದಿನ ಒಳಗೆ ಬಿಟ್ಟ ಗಳಿಗೆಗೇ ಒಂದು ಬಾಯಿ ಬಿಟ್ಕೊಂಡು ಬಿತ್ತು. ಅವತ್ತಿಂದ ಮೆಟ್ಟಿಲ ಕೆಳಗೆ ಬುಟ್ಟಿ ಮುಚ್ಚಿ ಮಲಗಿಸ್ತಿದೀವಿ. ನಿಮ್ಮ ಚಪ್ಪಲಿ ಪಕ್ಕದಲ್ಲೇ! ಅಷ್ಟು ವಾಸನೆ ಬರ್ತಿದ್ರೂ ನಿಮಗೆ ಗೊತ್ತಾಗಲಿಲ್ವಾ? ಪಾಪ, ಕಷ್ಟಪಟ್ಟು ಕಟ್ಟಿದಾರೆ, ಮನಸ್ಸು ನೋಯಿಸೋದು ಬೇಡ ಅಂತ ಅಮ್ಮ ಸುಮ್ನೆ ಬೀಗ ತಿರುಗಿಸಿ ಬರ್ತಿದ್ಲು.”

ಗೋಡೆಯ ಮೇಲೆ ನಗು ಎದ್ದಿತು. ಲಾಕರಪ್ಪನವರು ತಮ್ಮ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡರು. ಕೋಳಿ ಬದುಕಿದ ಸಂತೋಷಕ್ಕೆ ನಗಬೇಕೋ, ಖಾಲಿ ಗೂಡಿಗೆ ಇಸ್ತ್ರಿ ಅಂಗಿ ತೊಟ್ಟು ಕೆಮ್ಮಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ.

“ಅದಿರಲಿ,” ಎಂದು ಗಂಟಲು ಸರಿಮಾಡಿಕೊಂಡರು ದಫೇದಾರರು. “ಸುಮ್ನೆ ಬೀಗ ತಿರುಗಿಸಿದ್ದಾದ್ರೆ ಈ ಪೆಟ್ಟಿಗೆ ಎಲ್ಲಿಂದ ಬಂತು? ತೆಗೀರಿ ನೋಡೋಣ.”

ಲಾಕರಪ್ಪನವರು ತಲೆ ಎತ್ತಿದರು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಅವರು ಪೊಲೀಸರನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದರು. ಆ ನೋಟ ಲಾಕರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಗಂಡನಿಗೆ ಹೇಳದೆ ಬಂದ ಹೆಂಡತಿಯರಲ್ಲಿ, ಮಕ್ಕಳಿಗೆ ಹೇಳದೆ ಬಂದ ಮುದುಕರಲ್ಲಿ, ನೆಲಮಾಳಿಗೆಯ ಮೆಟ್ಟಿಲ ಮೇಲೆ ಅದನ್ನು ಎಷ್ಟೋ ಸಲ ಕಂಡಿದ್ದರು.

ಸುಸ್ತಾದ ಕಾಲುಗಳ ಮೇಲೆ ಎದ್ದು ಬಂದು ಗೂಡಿನ ಬಾಗಿಲಿಗೆ ಅಡ್ಡ ನಿಂತರು.

“ಅದನ್ನು ಮುಟ್ಟೋ ಹಾಗಿಲ್ಲ ಸಾರ್. ಗ್ರಾಹಕರ ವಸ್ತು.”

“ಯಾವ ಗ್ರಾಹಕರ್ರೀ?”

“ನಮ್ಮ ಅತ್ತೆ.”

ಮ್ಯಾನೇಜರು ಮುಂದೆ ಬಂದರು. “ಏನ್ರೀ ಹುಡುಗಾಟ? ಊರೆಲ್ಲ ನಮ್ಮ ಬ್ಯಾಂಕಿನ ಚಿನ್ನ ಇಲ್ಲಿದೆ ಅಂತಿದೆ. ಏನಿದೆ ಅದರಲ್ಲಿ, ಹೇಳಿಬಿಡಿ.”

“ನನಗೆ ಗೊತ್ತಿಲ್ಲ ಸಾರ್. ನಾನು ನೋಡಿಲ್ಲ.”

“ನಿಮ್ಮ ಹಿತ್ತಲು, ನಿಮ್ಮ ಗೂಡು, ದಿನಾ ಎರಡು ಸಲ ನೀವೇ ಬೀಗ ತೆಗೀತೀರಿ. ನೋಡಿಲ್ವಾ?”

“ಇಲ್ಲ ಸಾರ್. ನೋಡಬಾರದಲ್ಲ. ನೋಡೋ ಹಾಗಿದ್ರೆ ಬೀಗ ಯಾಕೆ? ಬೇಕಾದ್ರೆ ಕೆಲಸದಿಂದ ತೆಗೀರಿ. ಅವರು ಹ್ಞೂಂ ಅನ್ನದೆ ಅದು ಆಚೆ ಬರಲ್ಲ.”

ಮ್ಯಾನೇಜರು ಕರ್ಚೀಫನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆ ದಿನವೆಲ್ಲ ಬೆವರಿದ ಮುಖದಲ್ಲಿ ನಿಧಾನವಾಗಿ ಒಂದು ನೆಮ್ಮದಿ ಮೂಡಿತು. “ದಫೇದಾರ್ರೇ, ತನ್ನ ಗೂಡಲ್ಲಿ ಕೋಳಿ ಇದೆಯೋ ಇಲ್ವೋ ಅಂತ್ಲೇ ನೋಡದ ಮಹಾನುಭಾವ ಇವರು. ನಮ್ಮ ಲಾಕರೊಳಗೆ ಇವರು ಇಣುಕ್ತಾರಾ? ನನಗಂತೂ ಸಮಾಧಾನ ಆಯ್ತು.”

ದಫೇದಾರರು ಬಗ್ಗಿ ಗೂಡಿನೊಳಗೆ ನೋಡಿದರು. ಇರುವೆ ಸಾಲು ಬಾಗಿಲಿನಿಂದ ಹೊರಟು ನೆಟ್ಟಗೆ ಪೆಟ್ಟಿಗೆಯ ಸಂದಿಯೊಳಗೆ ಹೋಗಿತ್ತು. ಅವರು ಮುದುಕಿಯನ್ನು ನೋಡಿದರು, ಬುಟ್ಟಿಯಿಂದ ಹಾರಿ ಓಡಿಹೋದ ಕೋಳಿಯೊಂದನ್ನು ಹಿಡಿಯಲು ಅತ್ತ ಹೋಗಿದ್ದ ಮಗಳನ್ನು ನೋಡಿದರು, ಎದ್ದು ಮೊಣಕಾಲು ಒರೆಸಿಕೊಂಡರು.

“ಚಿನ್ನಕ್ಕೆ ಇರುವೆ ಮುತ್ತಲ್ಲ ಸಾರ್,” ಎಂದರು ಮ್ಯಾನೇಜರಿಗೆ ಮೆಲ್ಲಗೆ. “ನಮ್ಮ ತಾಯೀನೂ ಹೀಗೇ. ದಿಂಬಿನೊಳಗೆ ಇಡ್ತಾರೆ.” ಆಮೇಲೆ ಗೋಡೆಯ ಕಡೆ ತಿರುಗಿ, “ಏನಿಲ್ಲ, ನಡೀರಿ ನಡೀರಿ!” ಎಂದು ಲಾಠಿ ಬೀಸಿದರು. ತಲೆಗಳು ಒಂದೊಂದಾಗಿ ಇಳಿದವು. ಹವಾಮಾನ ಮಾತ್ರ ಸ್ಟೂಲಿನಿಂದ ಇಳಿಯಲು ಬಹಳ ಹೊತ್ತು ತೆಗೆದುಕೊಂಡರು.

“ಅಮ್ಮಾ, ಅದೇನೇ ಪೆಟ್ಟಿಗೆ?” ಎಂದಳು ಹೆಂಡತಿ, ಕೋಳಿಯನ್ನು ಕಂಕುಳಲ್ಲಿ ಹಿಡಿದು ಬಂದು.

“ಕೋಳಿಗೆ ಹಾಕೋ ಔಷಧಿ ಕಣೇ. ಅಲ್ವಾ ಅಳಿಯಂದ್ರೇ?”

“ಹ್ಞೂಂ,” ಎಂದರು ಲಾಕರಪ್ಪನವರು. ಮಾತನ್ನು ಪೂರ್ತಿ ಕೇಳಿಸಿಕೊಂಡು ಹ್ಞೂಂ ಅಂದದ್ದು ಅದೇ ಮೊದಲು.

ಹೆಂಡತಿ ದೀಪ ಹಾಕಲು ಒಳಗೆ ಹೋದ ಮೇಲೆ ಇಬ್ಬರೂ ಬೀಗ ತುಂಡಾದ ಗೂಡಿನ ಮುಂದೆ ಕೂತರು.

“ಸುಸ್ತಾಯ್ತಾ ಅಳಿಯಂದ್ರೇ?”

“ಆಯ್ತು ಅತ್ತೆ. ಬಹಳ ಸುಸ್ತಾಯ್ತು.” ಆಮೇಲೆ ಕೇಳಿದರು, “ಅಲ್ಲೇ ಇರಿ ಅಂದ್ರಂತೆ, ನಿಮ್ಮ ದೊಡ್ಡ ಮಗಳು?”

“ಅಂದ್ರು. ಅಲ್ಲೂ ಎಲ್ಲರೂ ನನ್ನ ಲೋಟದೊಳಗೇ ನೋಡ್ತಾರೆ.” ಅತ್ತೆ ಸೆರಗಿನಿಂದ ಪೆಟ್ಟಿಗೆಯ ಮೇಲಿನ ಅಕ್ಕಿ ಒರೆಸಿದರು. “ಈ ವಯಸ್ಸಲ್ಲಿ ನಾನು 'ನಂದು' ಅಂತ ಬೀಗ ಹಾಕಿದ್ದು ಇದೊಂದಕ್ಕೇ. ನೀವು ಕೆಮ್ಮಿ ಆ ಕಡೆ ತಿರುಗಿ ಹೋಗ್ತಿದ್ರಲ್ಲ, ನನಗೆ ಒಂದೊಂದು ದಿನ ಕಣ್ಣಲ್ಲಿ ನೀರು ಬರ್ತಿತ್ತು.”

ಪೆಟ್ಟಿಗೆ ತೆರೆಯುವ ಸದ್ದಿಗೆ ಲಾಕರಪ್ಪನವರ ಕತ್ತು ತನ್ನಷ್ಟಕ್ಕೆ ತಿರುಗಿತು.

“ಪರವಾಗಿಲ್ಲ, ನೋಡಿ. ನಾನೇ ಹೇಳ್ತಿದೀನಲ್ಲ.”

ಅವರು ನೋಡಿದರು. ತೀರಿಹೋದ ಮಾವನವರ ಕನ್ನಡಕ, ಅದರ ಸುತ್ತ ಪೆಪ್ಪರಮಿಂಟು, ಎಲ್ಲದರ ಮೇಲೂ ಇರುವೆ.

“ದಿನಕ್ಕೆ ಎಷ್ಟು ಅತ್ತೆ?”

“ಒಂದೇ.”

“ಒಂದೇನಾ?”

“ಕೆಲವು ದಿನ ಬೆಳಗ್ಗೆನೂ ಒಂದು.”

ಲಾಕರಪ್ಪನವರು ಯೋಚಿಸಿದರು. ಉಸ್ತುವಾರಿಯವನಾಗಿ ಇದನ್ನು ಯಾರಿಗೂ ಹೇಳುವಂತಿಲ್ಲ. ಅಳಿಯನಾಗಿ ಸುಮ್ಮನಿರುವಂತಿಲ್ಲ. ಕೊನೆಗೆ ಬ್ಯಾಂಕಿನ ನಿಯಮವೇ ದಾರಿ ತೋರಿಸಿತು. ಒಂದೇ ಒಂದು ಪೆಪ್ಪರಮಿಂಟು ಆರಿಸಿ, ಇರುವೆ ಊದಿ, ಕಲ್ಲಿನ ಮೇಲಿಟ್ಟು ಕುಟ್ಟಿ ಎರಡು ಮಾಡಿದರು.

“ಇನ್ಮೇಲೆ ಸಂಜೆ ಮಾತ್ರ. ಇಬ್ಬರೂ ಇಲ್ಲದೆ ತೆಗೆಯೋ ಹಾಗಿಲ್ಲ. ಅರ್ಧ ನಿಮಗೆ, ಅರ್ಧ ನನಗೆ.”

ಅತ್ತೆ ತಮ್ಮ ಅರ್ಧವನ್ನು ಬಾಯಿಗೆ ಹಾಕಿಕೊಂಡರು. “ನಾಳೆ ಟ್ರಂಕು ಬಿಚ್ತೀನಿ,” ಎಂದರು, ಅದನ್ನು ದವಡೆಗೆ ಸರಿಸಿಕೊಂಡು. ಪೆಪ್ಪರಮಿಂಟಿನ ಘಾಟು ನೆತ್ತಿಗೇರಿ, ಎಷ್ಟೋ ವರ್ಷಗಳ ಮೇಲೆ ಲಾಕರಪ್ಪನವರ ಮೂಗು ಒಂದಿಷ್ಟು ಬಿಟ್ಟುಕೊಂಡಿತು. ಮೆಟ್ಟಿಲ ಕಡೆಯಿಂದ ಕೋಳಿಯ ವಾಸನೆ ಜೋರಾಗಿಯೇ ಬರುತ್ತಿತ್ತು.

“ಇಬ್ಬರೂ ಅಲ್ಲಿ ಕತ್ತಲಲ್ಲಿ ಕೂತು ಏನು ಮಾಡ್ತಿದೀರಿ? ಏನಾದ್ರೂ ತಿಂತಿದೀರಾ?” ಎಂದು ಹೆಂಡತಿ ಅಡಿಗೆಮನೆಯಿಂದ ಕೂಗಿದಳು.

ಬಾಯಿ ತೆರೆಯದೆ ಇಬ್ಬರೂ ಒಟ್ಟಿಗೇ ಅಂದರು: “ಊಹ್ಞೂಂ.”